ಮುಂದಿನ ಚಕ್ರ ನೆಲ ಬಿಡದ ಹಾಗೆ

ಮೊನ್ನೆ ತಾಳವಾಡಿ ಬಸ್ ನಿಲ್ದಾಣದಲ್ಲಿ ಹಳೆಯ ಟೂ-ಸ್ಟ್ರೋಕ್ ಬೈಕೊಂದು ನನ್ನ ಮುಖಕ್ಕೇ ಹೊಗೆ ಬಿಟ್ಟು ಹೋಯಿತು. ಸುಟ್ಟ ಎಣ್ಣೆಯ ಆ ವಾಸನೆ ಈಗ ಅಪರೂಪ. ವಾಸನೆ ಹಳೆಯ ನೆನಪನ್ನು ತರುತ್ತದೆ ಎಂದು ಎಲ್ಲರೂ ಹೇಳುತ್ತಾರೆ; ತಂದದ್ದು ನಿಜವೇ ಎಂದು ಯಾರೂ ವಿಚಾರಿಸುವುದಿಲ್ಲ. ನನಗೆ ವಿಚಾರಿಸುವ ಚಾಳಿ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ನಾನು ಕಲಿತದ್ದು ಅದೊಂದೇ ಎಂದು ಮನೆಯವರು ಆಡಿಕೊಳ್ಳುತ್ತಾರೆ.

ನೆನಪಾದದ್ದು ಪಣಕಹಳ್ಳಿಯ ಮಾದೇವನ ಬೈಕು. ಮಾದೇವ ನನ್ನ ಸೋದರತ್ತೆಯ ಮಗ. ಎರಡು ಸಾವಿರದ ಐದೋ ಆರೋ ಇರಬೇಕು. ವಾರವೆಲ್ಲ ಕೋಸಿನ ಮೂಟೆ ಹೊರುತ್ತಿದ್ದ ಬೈಕನ್ನೇ ಅವನು ಕೊಯಮತ್ತೂರಿನ ಕಡೆ ನಡೆಯುವ ಡ್ರ್ಯಾಗ್ ರೇಸಿಗೆ ಒಯ್ಯುತ್ತಿದ್ದ. ನೆಟ್ಟಗಿನ ದಾರಿಯಲ್ಲಿ ಇಬ್ಬರು ಒಟ್ಟಿಗೆ ಹೊರಟು, ಯಾರು ಮೊದಲು ಕೊನೆ ಮುಟ್ಟುತ್ತಾರೆ ಎಂದು ನೋಡುವ ಪಂದ್ಯ ಅದು. ಅದರ ಹಿಂದಿನ ವರ್ಷದ ರೇಸಿನಲ್ಲಿ ಹೊರಟ ಕೂಡಲೇ ಮುಂದಿನ ಚಕ್ರ ಮೇಲೆದ್ದು, ಅವನು ಅದನ್ನು ಇಳಿಸಿಕೊಳ್ಳುವಷ್ಟರಲ್ಲಿ ಎದುರಾಳಿ ದೂರ ಹೋಗಿದ್ದ. ಚಕ್ರ ಎದೆಮಟ್ಟ ಎದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಆ ರೇಸಿಗೆ ನಾನು ಹೋಗಿಯೇ ಇರಲಿಲ್ಲ.

ಹೋಗಿ ನೋಡಿದವಳು ಅವನ ಹೆಂಡತಿ ರತ್ನ. ಬಂದ ಮೇಲೆ ಒಂದೇ ಮಾತು ಹೇಳಿದಳಂತೆ: "ಚಕ್ರ ನೆಲ ಬುಡ್ದಂಗೆ ಓಡ್ಸಿ ತೋರ್ಸಿ, ಆಮೇಲೆ ರೇಸಿಗೆ ಓಗಿ. ಇಲ್ದಿದ್ರೆ ಆ ಗಾಡಿ ಕೋಸು ಒರಕ್ಕೇ ಇರ್ಲಿ." ಮಾದೇವ ಒಪ್ಪಿದ್ದ. ಒಪ್ಪಿ ನನ್ನ ಬಳಿ ಬಂದ. "ಓದಿರೋನಲ್ವಾ ಬಾವ, ಏನಾರ ಮಾಡು."

ಮೊದಲು ಮರಳಿನ ಚೀಲವನ್ನು ಹ್ಯಾಂಡಲ್ಲಿಗೆ ಕಟ್ಟಿದೆವು. ಹ್ಯಾಂಡಲ್ ತಿರುಗದೆ ಅವನು ಯಾರದೋ ಜೋಳದ ಹೊಲ ಹೊಕ್ಕ. ಆಮೇಲೆ ಮುಂದಿನ ಚಕ್ರ ಹಿಡಿದ ಫೋರ್ಕಿನ ಸ್ಪ್ರಿಂಗನ್ನು ಅದುಮಿ, ಹಿಗ್ಗದಂತೆ ಪಟ್ಟಿಯಿಂದ ಬಿಗಿದೆವು. ಮುಂಭಾಗ ತಗ್ಗಿತು, ಚಕ್ರ ಮಾತ್ರ ಏಳುತ್ತಲೇ ಇತ್ತು. ದೋಷ ಹಿಂದಿದೆ ಎಂದು ಹೊಳೆದದ್ದು, ಊರಿಗೆ ಬಂದಿದ್ದ ಮೇಷ್ಟರೊಬ್ಬರ ಬೈಕು ನಮ್ಮದರ ಪಕ್ಕ ನಿಂತಾಗ. ನಮ್ಮದರ ಹಿಂಭಾಗ ನಾಲ್ಕು ಬೆರಳು ಎತ್ತರವಿತ್ತು. ನಮ್ಮ ಕಡೆ ಹೊಸ ಬೈಕು ಬಂದರೆ, ಯಾರೂ ಹೇಳದಿದ್ದರೂ ಮೆಕ್ಯಾನಿಕ್ ಹಿಂದಿನ ಸ್ಪ್ರಿಂಗನ್ನು ಕೊನೆಯ ಹಲ್ಲಿನವರೆಗೂ ಬಿಗಿಮಾಡಿ, ಎತ್ತರಕ್ಕೆಂದು ಅದರ ಕೆಳಗೊಂದು ಕಬ್ಬಿಣದ ಬಿಲ್ಲೆಯನ್ನೂ ಕೊಟ್ಟುಬಿಡುತ್ತಿದ್ದ. ಮೂಟೆ ಹೊರಬೇಕಲ್ಲ. ಊರಿನ ಬೈಕುಗಳೆಲ್ಲ ಹಾಗೇ ನಿಲ್ಲುತ್ತಿದ್ದುದರಿಂದ ಬೈಕೆಂದರೆ ಹಾಗೇ ಎಂದುಕೊಂಡಿದ್ದೆವು. ಭಾರ ನೆಲದಿಂದ ಎತ್ತರದಲ್ಲಿದ್ದಷ್ಟೂ ನುಗ್ಗುವ ಗಾಡಿಯ ಮೂತಿ ಬೇಗ ಏಳುತ್ತದೆ. ಬಿಲ್ಲೆ ತೆಗೆದು ಸ್ಪ್ರಿಂಗ್ ಸಡಿಲಿಸಿದೆವು. ಹೊಟ್ಟೆ ತುಂಬಿದ ಎಮ್ಮೆಯಂತೆ ಬೈಕು ಕುಸಿದು ಕೂತಿತು.

ಇನ್ನು ಪರೀಕ್ಷೆ. ಚಕ್ರ ಎದ್ದಿತೋ ಇಲ್ಲವೋ ಎಂಬುದನ್ನು ಕಣ್ಣಿಗೆ ಬಿಡುವವನಲ್ಲ ನಾನು. ಮುಂದಿನ ಚಕ್ರದ ಅಚ್ಚಿಗೆ ಗಟ್ಟಿ ತಂತಿ ಬಿಗಿದು, ಅದರ ತುದಿಗೆ ಸುಣ್ಣದಲ್ಲಿ ಅದ್ದಿದ ಬಟ್ಟೆ ಸುತ್ತಿ, ನೆಲಕ್ಕೆ ಸವರುವ ಹಾಗೆ ಇಟ್ಟೆ. ಚಕ್ರ ಎದ್ದರೆ ಗೆರೆ ಕಡಿಯುತ್ತದೆ. ಬೆಳಗಿನ ಬಸ್ಸು ಹೋದ ಮೇಲೆ ಊರಾಚೆಯ ನೆಟ್ಟಗಿನ ರಸ್ತೆಗೆ ಹೋದೆವು. ರತ್ನ ಸುಣ್ಣದ ಡಬ್ಬ ಹಿಡಿದು ಹೊರಡುವ ಜಾಗದಲ್ಲಿ ನಿಂತಳು. ಮಾದೇವ ಹೊರಟ. ನಾನು ಹೊಗೆಯ ಹಿಂದೆ ಓಡಿದೆ. ಆ ತುದಿಯಿಂದ ಇಬ್ಬರೂ ಬೈಕು ತಳ್ಳಿಕೊಂಡು ವಾಪಸು ಬಂದಾಗ ಗೆರೆ ಎಲ್ಲೂ ಕಡಿದಿರಲಿಲ್ಲ. ಬಗ್ಗಿ ಬಗ್ಗಿ ನೋಡಿದೆ. ರತ್ನ, ಸರಿ, ಹೋಗಿ ಬನ್ನಿ ಎಂದಳು. ಅವನು ಹೋದ, ಎರಡನೇ ಸುತ್ತಿನಲ್ಲಿ ಸೋತು ಬಂದ. ಆಮೇಲೆ ರೇಸಿನ ಸುದ್ದಿ ಎತ್ತಲಿಲ್ಲ.

ನನ್ನ ನೆನಪುಗಳಲ್ಲಿ ನಾನು ಅನುಮಾನಿಸದೆ ಉಳಿಸಿಕೊಂಡದ್ದು ಆ ಗೆರೆಯೊಂದನ್ನೇ. ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಅದನ್ನು ಹೇಳುತ್ತೇನೆ. ಮೊನ್ನೆ ತಾಳವಾಡಿಯಿಂದ ನೇರ ಅವರ ಮನೆಗೆ ಹೋಗಿ, ಊಟಕ್ಕೆ ಕೂತಾಗ ಅದರ ಮಾತು ತೆಗೆದೆ. ರತ್ನ ಮುದ್ದೆ ಬಡಿಸುತ್ತಿದ್ದವಳು ನಕ್ಕಳು.

"ಒಂದ್ಮಾರು ದೂರ ಗೆರೆನೇ ಇರ್ನಿಲ್ಲ ಕಣಣ್ಣ. ನೀವಿಬ್ರೂ ಆ ತುದೀಲಿದ್ರಲ್ಲ, ಸುಣ್ಣದ್ ಡಬ್ಬಕ್ಕೆ ಬೆರಳದ್ದಿ ನಾನೇ ಎಳ್ದೆ."

ಯಾಕೆ ಎಂದೆ. ಹಿಂದಿನ ವರ್ಷದಷ್ಟು ಎತ್ತರ ಎದ್ದಿರಲಿಲ್ಲವಂತೆ, ನೆಲ ಬಿಟ್ಟೂ ಬಿಡದ ಹಾಗೆ ಎದ್ದಿತ್ತಂತೆ. ಅಷ್ಟಕ್ಕೇ ಬೇಡ ಎಂದಿದ್ದರೆ ಈ ಮನುಷ್ಯ ಸಾಯುವ ತನಕ ನೀನೇ ನಿಲ್ಲಿಸಿದ್ದು ಎನ್ನುತ್ತಿದ್ದರು ಎಂದಳು.

ಇದು ಮಾದೇವನಿಗೂ ಹೊಸ ಸುದ್ದಿ ಎಂದುಕೊಂಡು ಅವನ ಮುಖ ನೋಡಿದೆ. ಅವನು ಸಾರು ಕಲಸಿಕೊಳ್ಳುತ್ತಲೇ ಇದ್ದ.

"ಚಕ್ರ ಎದ್ದಿದ್ದು ಕೈಗೆ ಗೊತ್ತಾಗಲ್ವಾ ಬಾವ?" ಎಂದ. "ವಾಪಸ್ ಬಂದು ನೋಡುದ್ರೆ ಗೆರೆ ಪೂರ್ತಿ ಅದೆ."

ಬಡಿಸುವ ಕೈ ನಿಂತಿತು. "ಗೊತ್ತಿದ್ರೂವೆ ರೇಸಿಗೆ ಓದ್ರಾ?" ಎಂದಳು ರತ್ನ.

"ನೀನೇ ಗೆರೆ ಎಳ್ದು ಓಗು ಅಂದ್ಮೇಲೆ ಓಗ್ದೆ ಇರಕ್ಕಾದದಾ?"

ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅಂದು ಬಗ್ಗಿ ಬಗ್ಗಿ ಗೆರೆ ನೋಡಿದವನು ನಾನೊಬ್ಬನೇ; ಅದನ್ನು ಓದಿಕೊಂಡವನು ಮಾದೇವ. ನಾನು ತಲೆ ತಗ್ಗಿಸಿ ಮುದ್ದೆ ಮುರಿದೆ.