ಶ್ರೀಗೆ ಬಿದ್ದ ಒಂದನೇ ನಂಬರು

ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದರೂ ಅವನು ಕೇಳಲಿಲ್ಲ. "ನಿನ್ನ ತಂಗಿ ಮದಿವಿ ಸೀರಿ ನಾನ ನೇಯ್ತೀನಿ. ಕಣ್ಣು ಆಮ್ಯಾಲ" ಅಂದುಬಿಟ್ಟ. ಬನಹಟ್ಟಿಯ ನಮ್ಮ ಮನೆತನದ ಹಟ ಅಂದರೆ ಹಟ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಜಗಳಾಡಿದೆ, ಸೋತೆ.

ಸೀರೆಯ ದಡಿಯ, ಅಂದರೆ ಅಂಚಿನ, ಹಳೆಯ ಕಾರ್ಡುಗಳು ಹರಿದಿದ್ದವು. ಮಗ್ಗದ ಮೇಲೆ ಮಾಲೆಯಂತೆ ಸುತ್ತುವ, ತೂತು ಹೊಡೆದ ಆ ರಟ್ಟುಗಳೇ ದಡಿಯ ಯಾವ ಎಳೆ ಏಳಬೇಕೆಂದು ಹೇಳುವುದು. ಹೊಸವನ್ನು ಮಾಡಿಸಲು ನಾನು ಮುಧೋಳದ ನನ್ನ ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ, ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿದೆ. ಒಂದು ಸಾಲಿಗೆ ಒಂದು ಕಾರ್ಡು. ತೂತು ಇರುವಲ್ಲಿ ಎಕ್ಸ್, ಇಲ್ಲದಲ್ಲಿ ಚುಕ್ಕೆ.

"ಸಾಲಿಗೆ ನಂಬರ ಹಾಕವ್ವಾ. ಕಾರ್ಡು ಕಟ್ಟುವಾಗ ಹಿಂದಮುಂದ ಆಗಬಾರದು" ಎಂದಿದ್ದ ಅಪ್ಪ. ಇಂಟರ್ನೆಟ್ಟಿನಲ್ಲಿ ಅದಕ್ಕೆಂದೇ ಒಂದು ಪುಟ ಸಿಕ್ಕಿತು. ಬರೆದದ್ದನ್ನು ತಂದು ಸುರಿದು ಗುಂಡಿ ಒತ್ತಿದರೆ ಪ್ರತಿ ಸಾಲಿನ ಮುಂದೆ ನಂಬರು. ಪ್ರಿಂಟು ತೆಗೆದು, ಕಾರ್ಡು ಹೊಡೆಯುವ ಕಾಕಾನ ಕೈಗೆ ಕೊಟ್ಟು ಬಂದೆ.

ನೇಯ್ಗೆ ಶುರುವಾದ ಮೇಲೆ ಒಂದು ಮಧ್ಯಾಹ್ನ, ಇನ್ನೊಂದು ಪ್ರತಿ ಇರಲಿ ಎಂದು ಆ ಫೈಲು ತೆರೆದೆ. ಮೊದಲ ಸಾಲು ನೋಡಿ ಕುರ್ಚಿಯಿಂದ ಎದ್ದೆ. ಏನೇ ಬರೆದರೂ ತಲೆಗೆ ಶ್ರೀ ಹಾಕುವುದು ನಮ್ಮ ಮನೆಯ ರೂಢಿ, ಇಲ್ಲೂ ಹಾಕಿದ್ದೆ. ಆ ಪುಟಕ್ಕೇನು ಗೊತ್ತು? ಶ್ರೀಗೇ ಒಂದನೇ ನಂಬರು ಕೊಟ್ಟು ಕೂತಿತ್ತು.

ಕಾಕಾನಿಗೆ ಫೋನು ಹಚ್ಚಿದೆ. "ಒಂದನೇ ಕಾರ್ಡಿಗೆ ಏನ್ ಮಾಡಿದಿ ಕಾಕಾ?"

"ಅದು ಶ್ರೀ ಅಲ್ಲೇನವಾ. ಶ್ರೀಗೆ ತೂತ ಹೊಡಿಯಾಕ ಬರತೈತೇನು? ಕುಂಕುಮ ಹಚ್ಚಿ ಹಂಗ ಕಟ್ಟೀನಿ."

ತೂತಿಲ್ಲದ ಕಾರ್ಡು ಬಂದಾಗ ದಡಿಯ ಒಂದು ಎಳೆಯೂ ಏಳುವುದಿಲ್ಲ. ಮಾಲೆ ಸುತ್ತಿ ಬಂದಾಗಲೆಲ್ಲ ಹೂವಿನ ನಡುವೆ ಒಂದು ಬೋಳು ಗೆರೆ. ಅಪ್ಪ ಫೋನು ಎತ್ತಲಿಲ್ಲ. ರಜೆ ಚೀಟಿ ಬರೆದಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮುಂದೆ ಕಬ್ಬಿನ ಟ್ರ್ಯಾಕ್ಟರು, ಹಿಂದೆ ನಮ್ಮ ಬಸ್ಸು. ಏನೂ ಮಾಡದ ಡ್ರೈವರನ ಮೇಲೆ ಸಿಟ್ಟು ಬಂತು. ಒಂದೇ ಸಮಾಧಾನವಿತ್ತು: ದಡಿಯಲ್ಲಿ ಒಂದೆಳೆ ತಪ್ಪಿದರೂ ಅಪ್ಪ ಮಗ್ಗ ನಿಲ್ಲಿಸುವವನು. ಇಷ್ಟೊತ್ತಿಗೆ ನಿಲ್ಲಿಸಿರುತ್ತಾನೆ, ನನ್ನನ್ನು ಬೈಯಲು ಕಾದಿರುತ್ತಾನೆ. ಬೈದರೆ ಬೈಯಲಿ ಎಂದುಕೊಂಡೆ.

ಓಣಿಗೆ ಕಾಲಿಟ್ಟಾಗ, ಅಕ್ಕಪಕ್ಕದ ಪವರ್‌ಲೂಮುಗಳ ಸದ್ದಿನ ನಡುವೆಯೂ ನಮ್ಮ ಕೈಮಗ್ಗದ ಟಕಟಕ ಕೇಳಿಸಿತು. ನಿಂತಿರಲಿಲ್ಲ.

ಅರ್ಧ ಸೀರೆ ಆಗಿತ್ತು. ದಡಿಯುದ್ದಕ್ಕೂ ಮತ್ತೆ ಮತ್ತೆ ಅದೇ ತೆಳ್ಳನೆಯ ಬೋಳು ಗೆರೆ. ಕಣ್ಣಿದ್ದ ಯಾವ ನೇಕಾರನೂ ಬಿಡದಂಥದು. ಅಪ್ಪ ಅದರ ಮೇಲೆಯೇ ಬಗ್ಗಿ ಕೂತಿದ್ದ. ನನ್ನ ದನಿ ಕೇಳಿ ಮುಖ ಅರಳಿತು.

"ಬಂದೇನವಾ? ಛಲೋ ಆತು. ದಡಿ ಹೆಂಗ ಬಂದೈತಿ ನೋಡಿ ಹೇಳು."

ಭಯ ಅಂದರೆ ಏನೆಂದು ನನಗೆ ಗೊತ್ತಾದದ್ದು ಆಗ. "ಅಪ್ಪಾ, ನಿನಗ ಇದು ಕಾಣವಲ್ದೇನು?"

ಮೂಗು ತಾಗುವಷ್ಟು ಬಗ್ಗಿ ನೋಡಿದ. "ಯಾವುದು?" ಎಂದ.

ಅವನ ಬೆರಳು ಹಿಡಿದು ಆ ಗೆರೆಯ ಮೇಲೆ ಇಟ್ಟೆ. ಬೆರಳು ಅಲ್ಲಿ ನಿಂತಿತು. ಮೆಲ್ಲಗೆ ಮುಂದಿನ ಗೆರೆಗೆ ಸರಿಯಿತು, ಅಲ್ಲಿಂದ ಅದರ ಮುಂದಿನದಕ್ಕೆ. ಆಮೇಲೆ ಅಪ್ಪ ಲಾಳಿ ಕೆಳಗಿಟ್ಟ.

"ದವಾಖಾನಿಗೆ ಯಾವಾಗ ಹೋಗೂದು?" ಎಂದು ಕೇಳಿದ.