ಮುಖಕ್ಕೆ ಬೇಡ ಎಂದವರು

ಅವರ ಬಲಗೈಯ ತೋರುಬೆರಳು ಉಗುರಿನಿಂದ ಎರಡನೆಯ ಗೆಣ್ಣಿನವರೆಗೆ ನೇರಳೆ ಬಣ್ಣದ್ದಾಗಿತ್ತು. ಮಕ್ಕಳ ಬಾಯಿಹುಣ್ಣಿಗೆ ಹಚ್ಚುವ ಔಷಧದ ಬಣ್ಣ. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಬೇರೆ ಯಾರದೋ ಬೆರಳನ್ನು ತಂದು ಅಂಟಿಸಿದ ಹಾಗೆ ಕಾಣುತ್ತಿತ್ತು. ಊರಿನ ಮಕ್ಕಳು ಆ ಬೆರಳು ಕಂಡರೆ ಬಾಯಿ ಮುಚ್ಚಿಕೊಂಡು ಓಡುತ್ತಿದ್ದವು.

ಅವರು ನಮ್ಮೂರ ದವಾಖಾನೆಯ ಕಂಪೌಂಡರು. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು, ಬಂದರೆ ಬಂದರು. ಬಂದಾಗ ಚೀಟಿ ಬರೆಯುತ್ತಿದ್ದರು. ಆ ಚೀಟಿಯಲ್ಲಿದ್ದದ್ದನ್ನು ನಮ್ಮಂಥವರ ತಲೆಗೆ ಇಳಿಸುವ ಕೆಲಸ ಕಂಪೌಂಡರದ್ದು.

ಅವರ ಊರು ಹರಪನಹಳ್ಳಿ ತಾಲೂಕಿನ ಅರಸೀಕೆರೆ ಕಡೆ. ಕೇರಿಯವರು. ಅವರ ಮನೆತನದಲ್ಲಿ ಸಂಬಳದ ಕೆಲಸಕ್ಕೆ ಸೇರಿದ ಮೊದಲ ಮನುಷ್ಯ. ನಮ್ಮದು ವಿಭೂತಿ ಹಚ್ಚುವ ಮನೆ, ಹೊಲ ಇದ್ದ ಮನೆ. ಅವರು ನನಗಿಂತ ಹದಿನೈದು ವರ್ಷ ದೊಡ್ಡವರಾದರೂ ಮನೆಯಲ್ಲಿ ಎಲ್ಲರೂ ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆವು. ಈಗ ಬರೆಯುವಾಗ ಬಹುವಚನ ಹಾಕಿದ್ದೇನೆ. ಅದರಿಂದ ಅವರಿಗೆ ಆಗುವುದು ಏನೂ ಇಲ್ಲ.

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಎರಡೂ ಮೊಣಕೈ ಒಳಗೆ, ಮೊಣಕಾಲ ಹಿಂದೆ ಇಸುಬು. ಕೆಂಪಗೆ ಏಳುವುದು, ನೀರು ಸೋರುವುದು, ಒಣಗಿ ಬಿರಿಯುವುದು. ಕೆರೆದು ಕೆರೆದು ಲಂಗಕ್ಕೆ ರಕ್ತ ಅಂಟುತ್ತಿತ್ತು. ಬೇವಿನ ಎಲೆ ಅರೆದು ಹಚ್ಚಿದೆವು. ಹೊಂಗೆ ಎಣ್ಣೆ ಹಚ್ಚಿದೆವು. ನಾಗಪ್ಪನಿಗೆ ಹಾಲು ಎರೆದೆವು. ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ದವಾಖಾನೆಗೆ ಎತ್ತಿಕೊಂಡು ಹೋದೆ. ಡಾಕ್ಟರು ನೋಡಿ ಮುಲಾಮು ಬರೆದರು. ಸಣ್ಣ ಟ್ಯೂಬು.

ಕಂಪೌಂಡರು ಟ್ಯೂಬನ್ನು ನನ್ನ ಕೈಗೆ ಕೊಡಲಿಲ್ಲ. "ದಿನಾ ಬೆಳಿಗ್ಗೆ ಕರ್ಕೊಂಡು ಬರ್ರಿ ಅಮ್ಮ, ಮೊದ್ಲು ನಾನು ಹಚ್ತೀನಿ. ನೀವು ನೋಡಿ ಕಲೀರಿ" ಎಂದರು. ಬಾಲ್‌ಪೆನ್ನಿನಿಂದ ಕೆಂಪು ಜಾಗದ ಸುತ್ತ ಒಂದು ಗೆರೆ ಎಳೆದರು. ಔಷಧ ಗೆರೆಯ ಒಳಗೇ ಇರಬೇಕು, ಹೊರಗೆ ಹೋಗಬಾರದು. ಅದು ಅವರ ಪದ್ಧತಿ. ಒಂದು ಕಡಲೆಕಾಳಿನಷ್ಟು ಮುಲಾಮು ತೆಗೆದು, ಅಂಗೈ ಅಗಲದ ಜಾಗಕ್ಕೆ ತೆಳ್ಳಗೆ ಸವರಿದರು. ನಾನು ಇನ್ನಷ್ಟು ಹಾಕು ಎಂದೆ.

"ರೊಟ್ಟಿಗೆ ಬೆಣ್ಣಿ ಹಚ್ಚಾಕ ಹತ್ತೀವೇನ್ರಿ ಅಮ್ಮ?" ಎಂದರು.

ಎಂಟು ದಿನ ಹೋದೆ. ಎಂಟು ದಿನವೂ ಗುಣ ಕಾಣಲಿಲ್ಲ. ಇನ್ನೂ ಹೆಚ್ಚಾಯಿತು. ಅವರಿಗೆ ತಲೆ ಬಿಸಿಯಾಯಿತು. ಟ್ಯೂಬಿನ ಮೇಲಿದ್ದ ಅಕ್ಷರಗಳನ್ನು ಮತ್ತೆ ಮತ್ತೆ ಓದಿದರು. "ಡಾಕ್ಟ್ರು ಬರ್ಲಿ, ಕೇಳಾನ. ಇಷ್ಟೊತ್ತಿಗೆ ಅರ್ಧ ಆದ್ರೂ ಇಳೀಬೇಕಿತ್ತು" ಎಂದರು. ನಾನು ನೆಲ ನೋಡುತ್ತ ನಿಂತಿದ್ದೆ. ಯಾಕೆ ಗುಣ ಆಗುತ್ತಿಲ್ಲ ಎಂದು ನನಗೆ ಗೊತ್ತಿತ್ತು.

ಹೇಳಿದವಳು ನನ್ನ ಮಗಳು.

"ಅಜ್ಜಿ ಎಲ್ಲಾ ತೊಳೀತಾಳ. ನೀ ಮುಟ್ಟೀದಿ ಅಂತ ನೀರು ಹಾಕ್ತಾಳ. ಉರೀತೈತಿ."

ಹೌದು. ದಿನವೂ ದವಾಖಾನೆಯಿಂದ ಬಂದ ಕೂಡಲೇ ನಮ್ಮತ್ತೆ ಮಗುವನ್ನು ಬಚ್ಚಲಿಗೆ ಎಳೆದುಕೊಂಡು ಹೋಗುತ್ತಿದ್ದಳು. ಸೀಗೆಪುಡಿ ಹಾಕಿ ತಿಕ್ಕಿ, ಬಿಸಿನೀರು ಎರೆದು, ಮೈಲಿಗೆ ಕಳೆದು, ವಿಭೂತಿ ಹಚ್ಚಿ ಒಳಗೆ ಬಿಡುತ್ತಿದ್ದಳು. ಅವರು ಹಚ್ಚಿದ ಔಷಧ ಒಂದು ತಾಸು ಕೂಡ ಮಗುವಿನ ಮೈಮೇಲೆ ಇರುತ್ತಿರಲಿಲ್ಲ. ಸೀಗೆಪುಡಿ ಹತ್ತಿದ ಹುಣ್ಣು ಇನ್ನಷ್ಟು ಬಿರಿಯುತ್ತಿತ್ತು. ಮಗು ಕಿರುಚುತ್ತಿತ್ತು. ನಾನು ಒಲೆ ಊದುತ್ತ ಕುಳಿತಿರುತ್ತಿದ್ದೆ. ಅತ್ತೆಗೆ ಎದುರಾಡುವ ಧೈರ್ಯ ಇರಲಿಲ್ಲ ಎನ್ನಬಹುದು. ಅವಳು ಮಾಡುತ್ತಿದ್ದದ್ದು ತಪ್ಪು ಎಂದೂ ನನಗೆ ಆಗ ಅನ್ನಿಸಿರಲಿಲ್ಲ. ಅದನ್ನೂ ಬರೆಯಬೇಕು.

ಮಗುವಿನ ಮಾತು ಕೇಳಿ ಕಂಪೌಂಡರು ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ತಮ್ಮ ಸ್ಟೂಲನ್ನು ನಾಲ್ಕು ಹೆಜ್ಜೆ ಹಿಂದೆ ಎಳೆದು ಹಾಕಿ ಕುಳಿತರು.

"ಆಗ್ಲಿ ಬಿಡ್ರಿ. ನಾನು ಮುಟ್ಟಲ್ಲ. ನೀವೇ ಹಚ್ರಿ. ನಾನು ನನ್ನ ಕೈ ಮ್ಯಾಲೆ ಮಾಡ್ತೀನಿ, ನೀವು ಕೂಸಿನ ಕೈ ಮ್ಯಾಲೆ ಮಾಡ್ರಿ."

ಅಂಗಿ ತೋಳು ಮಡಚಿ ತಮ್ಮ ಮೊಣಕೈ ಒಳಗೆ ಪೆನ್ನಿನಿಂದ ಗೆರೆ ಎಳೆದುಕೊಂಡರು. ನಾನು ಮಗುವಿಗೆ ಎಳೆದೆ. ಅವರು ಬರೀ ಬೆರಳನ್ನು ಆಡಿಸಿದರು, ನಾನು ಮುಲಾಮು ಸವರಿದೆ. ಹಾಗೆ ದೂರ ಕುಳಿತುಕೊಂಡೇ ಎಲ್ಲ ಕಲಿಸಿದರು. ಬೆಚ್ಚನೆ ನೀರಲ್ಲಿ ಸ್ನಾನ, ಸೀಗೆಪುಡಿ ಬೇಡ. ಒರೆಸುವಾಗ ತಿಕ್ಕಬೇಡಿ, ಒತ್ತಿ ತೆಗೆಯಿರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೇಲೆ ಬಟ್ಟೆ ಕಟ್ಟಬೇಡಿ. ಏಳು ದಿನಕ್ಕೆ ಕೆಂಪು ಇಳಿದರೆ ದಿನ ಬಿಟ್ಟು ದಿನ, ಆಮೇಲೆ ನಿಲ್ಲಿಸಿ ಬರೀ ಕೊಬ್ಬರಿ ಎಣ್ಣೆ. ಮತ್ತೆ ಎದ್ದರೆ ಬಂದು ತೋರಿಸಿ, ನೀವೇ ಶುರು ಮಾಡಬೇಡಿ. ಹುಳುಕಡ್ಡಿಗೆ ಇದನ್ನು ಹಚ್ಚಿದರೆ ಅದು ಹಬ್ಬುತ್ತದೆ. ಬಗಲಿಗೆ, ತೊಡೆಸಂದಿಗೆ ಬೇಡ. ಒಬ್ಬರ ಟ್ಯೂಬು ಇನ್ನೊಬ್ಬರಿಗೆ ಬೇಡ.

"ಮಕಕ್ಕೆ ಮಾತ್ರ ಬ್ಯಾಡೇ ಬ್ಯಾಡ. ಮಕದ ತೊಗಲು ತೆಳ್ಳಗೆ ಇರ್ತೈತೆ. ಇದು ಬೆಂಕಿ ಆರ್ಸೋ ನೀರು ಇದ್ದಂಗ್ರಿ ಅಮ್ಮ. ಬೆಂಕಿ ಆರಿದ ಮ್ಯಾಲೂ ಸುರುವುತ್ತಾ ಕುಂತ್ರೆ ಮಣ್ಣಿನ ಗ್ವಾಡೀನೇ ಕರಗಿ ಹೋಗ್ತೈತೆ."

ನಾನು ಮನೆಗೆ ಬಂದು ಅತ್ತೆಗೆ, ಅವನು ಮುಟ್ಟಲಿಲ್ಲ, ನಾನೇ ಹಚ್ಚಿದೆ ಎಂದೆ. ಅತ್ತೆ ಒಲೆಯ ಮೇಲಿದ್ದ ಬಿಸಿನೀರು ಇಳಿಸಿದಳು, ಮಗುವನ್ನು ಬಚ್ಚಲಿಗೆ ಎಳೆಯಲಿಲ್ಲ. ಹತ್ತು ದಿನದಲ್ಲಿ ಮಗುವಿನ ಕೈಕಾಲು ತಿಳಿಯಾದವು. ಇಸುಬು ಆಮೇಲೂ ಒಂದೆರಡು ಸಲ ತಲೆ ಎತ್ತಿತು, ಅವರು ಹೇಳಿದ ಹಾಗೆಯೇ ಮಾಡಿದೆ, ಅಡಗಿತು. ಆ ಮಗಳಿಗೆ ಈಗ ಮೊಮ್ಮಕ್ಕಳಾಗುವ ವಯಸ್ಸು. ಮೈಮೇಲೆ ಒಂದು ಕಲೆ ಇಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಅವರು ಟ್ಯೂಬಿನ ವಿಷಯದಲ್ಲಿ ಬಿಗಿ. ಖಾಲಿಯಾದದ್ದನ್ನು ತಂದು ತೋರಿಸಿದರೆ ಮಾತ್ರ ಇನ್ನೊಂದು. ಎಷ್ಟು ದಿನಕ್ಕೆ ಮುಗಿಯಿತು ಎಂದು ನೋಡಿ, ಯಾರು ಹೆಚ್ಚು ಬಳಿಯುತ್ತಾರೆ ಎಂದು ಹಿಡಿಯುತ್ತಿದ್ದರು. ಒಂದು ಸಲ ನಾನು ಟ್ಯೂಬು ಕೊಡಲಿಲ್ಲ.

"ಇಲಿ ಎಳಕೊಂಡು ಹೋತು" ಎಂದೆ.

ನಕ್ಕರು. "ನಿಮ್ಮ ಮನಿ ಇಲಿಗೂ ಇಸುಬೇನ್ರಿ? ಅದಕ್ಕೂ ಹೇಳ್ರಿ, ಮಕಕ್ಕೆ ಹಚ್ಕೋಬ್ಯಾಡ ಅಂತ."

ಆ ಟ್ಯೂಬು ನಮ್ಮ ಅಡಿಗೆಮನೆಯ ಗೂಡಿನಲ್ಲಿತ್ತು.

ನಮ್ಮತ್ತೆಯ ಕಣ್ಣು ಚುರುಕು. ಔಷಧ ಹಚ್ಚಿದ ಜಾಗದಲ್ಲಿ ಮಗುವಿನ ಮೈ ಸುತ್ತಲಿಗಿಂತ ಬೆಳ್ಳಗಾಗಿದ್ದನ್ನು ಅವಳು ನೋಡಿದ್ದಳು. ನನ್ನ ನಾದಿನಿಗೆ ಹತ್ತೊಂಬತ್ತು ವರ್ಷ. ಲಕ್ಷಣದ ಹುಡುಗಿ, ಆದರೆ ಎರಡೂ ಕೆನ್ನೆಯ ಮೇಲೆ ಬಂಗು, ಕಂದು ಕಲೆ. ಹಡಗಲಿ ತಾಲೂಕಿನ ಮಾಗಳದ ಕಡೆಯಿಂದ ನೋಡಲು ಬರುವವರಿದ್ದರು.

"ಕೂಸಿನ ಕೈ ನೋಡಿದೇನು, ಸುಲಿದ ಬೆಳ್ಳುಳ್ಳಿ ಆದಂಗ ಆಗೇತಿ. ಇಕಿ ಮಾರಿಗೂ ಹಚ್ಚು" ಎಂದಳು ಅತ್ತೆ.

"ಮಾರಿಗೆ ಬ್ಯಾಡ ಅಂದಾನ ಕಂಪೌಂಡರು" ಎಂದೆ.

"ಅವನೇನು ಹೇಳ್ತಾನ. ಅವನ ಮಾತು ಕೇಳಿ ನನ್ನ ಮಗಳನ್ನ ಮನ್ಯಾಗ ಇಟ್ಕೊಳ್ಳಲೇನು?"

ಗೂಡಿನಲ್ಲಿದ್ದ ಟ್ಯೂಬನ್ನು ಸೆರಗಿನಲ್ಲಿ ಕಟ್ಟಿಕೊಂಡು ಅತ್ತೆಯ ಜೊತೆ ಪೇಟೆಗೆ ಹೋದಾಗ ಒಂದು ಅಂಗಡಿಯಲ್ಲಿ ತೋರಿಸಿದೆ. ಅಂಗಡಿಯವನು ಚೀಟಿ ಕೇಳಲಿಲ್ಲ. ಮೂರು ಕೊಟ್ಟ. ದಿನವೂ ಎರಡು ಹೊತ್ತು ನಾನೇ ಕುಳಿತು ನಾದಿನಿಯ ಮುಖಕ್ಕೆ ಹಚ್ಚಿದೆ. ಗೆರೆ ಎಳೆಯಲಿಲ್ಲ, ಇಡೀ ಮುಖಕ್ಕೇ ಹಚ್ಚಿದೆ. ಹದಿನೈದು ದಿನದಲ್ಲಿ ಮುಖ ಹೊಳೆಯತೊಡಗಿತು. ನೋಡಲು ಬಂದವರು ಅವತ್ತೇ ಒಪ್ಪಿದರು. "ವೈನಿ, ನೀ ದೇವರಾದಿ" ಎಂದಳು ನಾದಿನಿ. ನನಗೂ ಹೆಮ್ಮೆಯಾಯಿತು. ಮದುವೆಗೆ ಐದು ತಿಂಗಳಿತ್ತು. ಮುಗಿದಾಗಲೆಲ್ಲ ಅದೇ ಅಂಗಡಿಯಿಂದ ತಂದು ಅಷ್ಟು ದಿನವೂ ಹಚ್ಚಿದೆ. ಒಂದು ಹೊತ್ತು ಬಿಟ್ಟರೆ ಉರಿ ಎನ್ನುತ್ತಿದ್ದಳು, ಅದಕ್ಕೆ ಇನ್ನೂ ಹಚ್ಚಿದೆ. ಬಿಸಿಲಿಗೆ ಹೋದರೆ ಮುಖ ಕೆಂಡವಾಗುತ್ತಿತ್ತು. ಕೆನ್ನೆಯ ಮೇಲೆ ಕೆಂಪು ದಾರದಂಥ ನರಗಳು ಕಾಣತೊಡಗಿದವು. ಪೌಡರ್ ಬಳಿದೆವು.

ಮದುವೆಗೆ ಮುಂಚೆ ಅರಿಶಿನದ ಶಾಸ್ತ್ರ. ಎರಡು ದಿನ ಬರೀ ಅರಿಶಿನ, ಎಣ್ಣೆ. ಮುಲಾಮು ಬಿಟ್ಟೆವು. ಎರಡನೆಯ ದಿನ ಬೆಳಿಗ್ಗೆ ಅವಳ ಮುಖ ಊದಿತ್ತು. ಹಣೆ, ಕೆನ್ನೆ, ಗದ್ದ, ಎಲ್ಲ ಕಡೆ ಕೀವಿನ ಗುಳ್ಳೆ. ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಗಂಡಿನ ಕಡೆಯ ಹೆಂಗಸರು ಬಂದವರು ಸೆರಗು ಸರಿಸಿ ನೋಡಿದರು. "ರೋಗ ಮುಚ್ಚಿಟ್ಟು ಕೊಡಾಕ ಹತ್ತಿದ್ರೇನ್ರಿ?" ಎಂದು ಒಂದೇ ಮಾತು ಕೇಳಿ ಗಾಡಿ ಹತ್ತಿದರು.

ಮಾವನಿಗೆ ಈ ಹೆಂಗಸರ ಕೆಲಸ ಗೊತ್ತಿರಲಿಲ್ಲ. ಏನು ಹಚ್ಚಿದಿರಿ ಎಂದು ಕೂಗಾಡಿದಾಗ ಅತ್ತೆ, "ದವಾಖಾನಿ ಔಷಧ" ಎಂದಳು. ಅಷ್ಟೇ ಸಾಕಾಯಿತು. ಊರ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಮಾವ ದವಾಖಾನೆಗೆ ನುಗ್ಗಿದರು. ನನ್ನನ್ನೂ ಕರೆದುಕೊಂಡು ಹೋದರು, ಸಾಕ್ಷಿಗೆ.

"ಟ್ಯೂಬು ನೀನ ಕೊಟ್ಟಿದ್ದಲ್ಲೇನಲೇ?"

"ಕೂಸಿಗೆ ಕೊಟ್ಟಿದ್ದೆ ಗೌಡ್ರೆ. ಈ ಹುಡುಗೀಗಲ್ಲ."

"ಔಷಧ ಅದೇ ಹೌದಲ್ಲೋ?"

"ಹೌದ್ರಿ. ಆದ್ರೆ ಮಕಕ್ಕೆ ಬ್ಯಾಡ ಅಂತ ಹೇಳಿದ್ದೆ. ಅಮ್ಮನೋರು ಇಲ್ಲೇ ಅದಾರಲ್ಲ, ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅವರೂ ನೋಡಿದರು. ಹೆದರಿದ ನೋಟ ಅಲ್ಲ. ಈಕೆ ಹೇಳುತ್ತಾಳೆ ಎಂದು ನಂಬಿದ ನೋಟ.

"ನನಗ ಅಂಥಾದ್ದೇನೂ ಹೇಳಿಲ್ಲ" ಎಂದೆ.

ಅವರು ನನ್ನ ಮಾತಿಗೆ ಎದುರು ಮಾತು ಆಡಲೇ ಇಲ್ಲ. ಆಡಿದ್ದರೂ ಕೇರಿಯವನ ಮಾತನ್ನು ಅಲ್ಲಿ ಯಾರು ಕೇಳುತ್ತಿದ್ದರು? ಮಾವ ಅವರ ಅಂಗಿಯ ಕೊರಳಪಟ್ಟಿ ಹಿಡಿದು ಎರಡು ಏಟು ಹಾಕಿದರು. ಮೇಲಿನ ಸಾಹೇಬರಿಗೆ ಅರ್ಜಿ ಹೋಯಿತು. ಊರ ಜನ ಹೆಬ್ಬೆಟ್ಟು ಒತ್ತಿದರು. ನಾನು ನಾಲ್ಕನೆಯ ಕ್ಲಾಸು ಓದಿದವಳು. ನನ್ನ ಹೆಸರನ್ನು ನಾನೇ ಬರೆದು ಸಹಿ ಮಾಡಿದೆ.

ಅವರನ್ನು ದೂರ ವರ್ಗ ಮಾಡಿದರು. ಹೊರಡುವ ದಿನ ನಾನು ಬಟ್ಟೆ ಒಗೆದು ಹಳ್ಳದ ಕಡೆಯಿಂದ ಬರುತ್ತಿದ್ದೆ. ಟ್ರಂಕು ಹೊತ್ತುಕೊಂಡು ಬಸ್ಸಿನ ರಸ್ತೆಗೆ ನಡೆಯುತ್ತಿದ್ದವರು, ನನ್ನನ್ನು ಕಂಡು ದಾರಿ ಬಿಟ್ಟು ದೂರ ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

"ಅಮ್ಮ, ಆ ಹುಡುಗೀಗೆ ಈಗ ಸ್ವಂತ ಬುದ್ಧೀಲಿ ಏನೂ ಹಚ್ಬ್ಯಾಡ್ರಿ, ಅರಿಶಿನಾನೂ ಬ್ಯಾಡ. ಬಳ್ಳಾರಿಗೆ ಕರ್ಕೊಂಡು ಹೋಗ್ರಿ, ಚರ್ಮದ ಡಾಕ್ಟ್ರಿಗೆ ತೋರ್ಸ್ರಿ. ಇಷ್ಟು ತಿಂಗ್ಳು ಹಚ್ಚೀವಿ ಅಂತ ಖರೇನೇ ಹೇಳ್ರಿ. ಅವ್ರು ಮೆಲ್ಲಕೆ ಬಿಡಿಸ್ತಾರೆ. ತಡ ಮಾಡಬ್ಯಾಡ್ರಿ."

ಹೋದರು. ನಾನು ಆ ಮಾತನ್ನೂ ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅವನ ಜೊತೆ ಯಾಕೆ ಮಾತಾಡಿದೆ ಎಂದು ಕೇಳುತ್ತಿದ್ದರು, ಆಮೇಲೆ ಒಂದೊಂದೇ ಹೊರಗೆ ಬರುತ್ತಿತ್ತು. ನಾದಿನಿಯನ್ನು ಬಳ್ಳಾರಿಗೆ ಯಾರೂ ಕರೆದುಕೊಂಡು ಹೋಗಲಿಲ್ಲ. ಗುಳ್ಳೆ ಇಳಿಯಲು ವರ್ಷ ಹಿಡಿಯಿತು. ಆ ಕೆಂಪು ನರಗಳು ಹೋಗಲೇ ಇಲ್ಲ. ತೊಗಲು ಈರುಳ್ಳಿ ಸಿಪ್ಪೆಯಂತಾಯಿತು. ಮತ್ತೆ ಯಾರೂ ನೋಡಲು ಬರಲಿಲ್ಲ. ಅವಳು ನನ್ನ ಜೊತೆಯಲ್ಲೇ ಮುದುಕಿಯಾದಳು. ಬಿಸಿಲಿಗೆ ಬರುವಾಗ ಇವತ್ತಿಗೂ ಸೆರಗನ್ನು ಮೂಗಿನ ತನಕ ಎಳೆದುಕೊಳ್ಳುತ್ತಾಳೆ. ಕಂಪೌಂಡರು ಕೊಟ್ಟ ಔಷಧದಿಂದ ಹೀಗಾಯಿತು ಎಂದೇ ತಿಳಿದಿದ್ದಾಳೆ. ಮುಖಕ್ಕೆ ಬೇಡ ಎಂದು ಅವರು ಹೇಳಿದ್ದು ನಿಜ ಎಂಬುದು ಅತ್ತೆಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಸತ್ತಳು.

ಕಂಪೌಂಡರು ನಮ್ಮೂರು ಬಿಟ್ಟ ಏಳೆಂಟು ವರ್ಷದ ಮೇಲೆ ಒಂದು ಮದುವೆಗೆಂದು ಅರಸೀಕೆರೆಗೆ ಹೋಗಿದ್ದೆ. ಕೇಳಿಕೊಂಡು ಅವರ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಅವರು ತೀರಿಹೋಗಿ ಎರಡು ವರ್ಷವಾಗಿತ್ತು. ಹೆಂಡತಿ ಕಟ್ಟೆಯ ಮೇಲೆ ಜೋಳ ಕೇರುತ್ತಿದ್ದರು. ಯಾರು ಎಂದು ಕೇಳಿದರು. ಊರ ಹೆಸರು ಹೇಳಿ, "ನಮ್ಮ ಮಗಳಿಗೆ ಔಷಧ ಕೊಟ್ಟಿದ್ರು, ಗುಣ ಆಗಿತ್ತು" ಎಂದೆ.

ಆಕೆ ಮೊರವನ್ನು ಪಕ್ಕಕ್ಕೆ ಇಟ್ಟರು.

"ಆ ಊರೇನ್ರಿ? ಅಲ್ಲಿಂದ ಬಂದ ಮ್ಯಾಲೆ ಮನುಷ್ಯ ಮೊದ್ಲಿನಂಗ ಇರ್ಲಿಲ್ಲ ನೋಡ್ರಿ. ಹೊಡೆಸ್ಕೊಂಡಿದ್ದಕ್ಕಲ್ಲ. ಅಲ್ಲೊಬ್ರು ತಾಯಿಗೆ ಔಷಧದ್ದು ಹೇಳಿದ್ರಂತೆ, ಅವ್ರು ಹೇಳೇ ಇಲ್ಲ ಅಂದ್ರಂತೆ. 'ನಾನೇ ಸರಿಯಾಗಿ ಹೇಳಿರಲಿಕ್ಕಿಲ್ಲ, ದೂರ ಕುಂತು ಹೇಳಿದ್ನಲ್ಲ, ಆಯಮ್ಮಗೆ ಕೇಳಿಸಿರಲಿಕ್ಕಿಲ್ಲ, ನನ್ನಿಂದ ಒಂದು ಹುಡುಗಿ ಮಕ ಹೋತು' ಅಂತ ಸಾಯೋ ತನಕ ಅದ್ನೇ ಅಂತಿದ್ರು. ಹೇಳ್ರಿ, ನಿಮಗೆ ಸರಿಯಾಗಿ ಹೇಳಿದ್ರೋ ಇಲ್ಲೋ?"

"ನಮಗ ಸರಿಯಾಗೇ ಹೇಳಿದ್ರು" ಎಂದೆ.

"ಹಂಗಾದ್ರೆ ಆಯಮ್ಮಗೆ ಯಾಕೆ ತಿಳೀಲಿಲ್ಲೋ" ಎಂದರು ಆಕೆ.

ಆ ತಾಯಿ ನಾನೇ ಎಂದು ಹೇಳಬೇಕಿತ್ತು. ಮಾತು ಬಾಯಿಗೆ ಬಂದಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಎದ್ದು ಬಂದೆ.