ವೀರಮ್ಮ ಆಡಿಷನ್‌ಗೆ ಹೋದದ್ದು

ಬೆಳಗಿನ ಮೊದಲ ಖಾಸಗಿ ಬಸ್ಸು ಶಿವಮೊಗ್ಗದ ಸ್ಟ್ಯಾಂಡಿಗೆ ಬಂದು ನಿಲ್ಲುತ್ತದೆ. ಹಾಲಿನ ಕ್ಯಾನು, ಸೊಪ್ಪಿನ ಮೂಟೆಗಳ ಹಿಂದೆ ಇಬ್ಬರು ಹೆಂಗಸರು ತಗಡಿನ ಟ್ರಂಕೊಂದನ್ನು ಆಚೆ ಈಚೆ ಹಿಡಿದುಕೊಂಡು ಇಳಿಯುತ್ತಾರೆ. ಟ್ರಂಕಿನಲ್ಲಿ ರಾಣಿಯ ಕಿರೀಟವಿದೆ, ಜರಿ ಸೀರೆಗಳಿವೆ, ಮೊಣಕಾಲುದ್ದದ ಚೌರಿ ಇದೆ. ಇಬ್ಬರಲ್ಲಿ ಎತ್ತರದವರು ವೀರಮ್ಮ. ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಕಾಫಿಗೆ ಹೇಳಿದ ಮೇಲೆ ಜೊತೆಗಾತಿ ಜಲಜಮ್ಮ ಕೊಬ್ಬರಿ ಎಣ್ಣೆಯ ಶೀಸೆ ತೆಗೆದು, ಹಳೇ ಸೀರೆಯ ತುಂಡಿಗೆ ಹಚ್ಚಿಕೊಂಡು, ವೀರಮ್ಮನ ಕಿವಿಯ ಹಿಂದೆ ಉಳಿದ ಬಣ್ಣವನ್ನು ಒರೆಸುತ್ತಾರೆ. ಎದುರಿನ ಬೆಂಚಿನ ಇಬ್ಬರು ಗಂಡಸರು ಪೇಪರ್ ಓದುವುದು ಬಿಟ್ಟು ಇವರನ್ನೇ ನೋಡುತ್ತಾರೆ.

"ಏನ್ರೀ, ನೋಡೋಕೆ ಟಿಕೆಟ್ ತಗೊಂಡಿದೀರಾ?" ಎಂದು ವೀರಮ್ಮ ಕೇಳುತ್ತಾರೆ. ಅವರಿಬ್ಬರ ಮುಖ ಮತ್ತೆ ಪೇಪರಿನ ಹಿಂದೆ ಹೋಗುತ್ತದೆ.

ವೀರಮ್ಮ ಹಳ್ಳಿ ನಾಟಕಗಳ ಬಾಡಿಗೆ ನಟಿ. ಊರಿನ ಗಂಡಸರು ಸೇರಿ ನಾಟಕ ಕಲಿಯುತ್ತಾರೆ; ಹೆಣ್ಣು ಪಾತ್ರಕ್ಕೆ ಊರ ಹೆಣ್ಣುಮಕ್ಕಳನ್ನು ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ. ಆಗ ಭದ್ರಾವತಿಯ ಹಾರ್ಮೋನಿಯಂ ಮೇಷ್ಟ್ರು ಗಂಗಾಧರಪ್ಪನವರಿಗೆ ಹೇಳಿ ಕಳಿಸುತ್ತಾರೆ. ಮೇಷ್ಟ್ರು ಅದೇ ಊರಿನಲ್ಲಿ ಇವರಿರುವ ಹೊಸಮನೆ ಬಡಾವಣೆಯ ಎಸ್‌ಟಿಡಿ ಬೂತಿಗೆ ಫೋನ್ ಮಾಡುತ್ತಾರೆ. ಸಂಜೆಗೆ ಇವರಿಬ್ಬರೂ ಟ್ರಂಕಿನ ಸಮೇತ ಹಾಜರು. ರಾಣಿಯ ಪಾತ್ರ ವೀರಮ್ಮನಿಗೆ, ಹಾಸ್ಯವೂ ಮಲತಾಯಿಯೂ ಜಲಜಮ್ಮನಿಗೆ. ಬೇಸಿಗೆಯಲ್ಲಿ ತಿಂಗಳಿಗೆ ಹದಿನೈದು ನಾಟಕ ಆದದ್ದೂ ಉಂಟು, ಮಳೆಗಾಲ ಪೂರ್ತಿ ಖಾಲಿ ಕೂತದ್ದೂ ಉಂಟು.

ರಿಹರ್ಸಲ್ ಎಂಬುದಿಲ್ಲ. ಊರ ಗೌಡರ ಮಗ ರಾಜನ ವೇಷದಲ್ಲಿ ಬಂದು ಜನರನ್ನು ಕಂಡದ್ದೇ ಮಾತು ಮರೆತು ನಿಲ್ಲುತ್ತಾನೆ. ರಾಣಿ ನಾಚಿದವಳಂತೆ ಬಾಯಿಗೆ ಸೆರಗು ಅಡ್ಡ ಹಿಡಿದು, ಅವನ ಮಾತನ್ನು ಅವನಿಗೇ ಮೆಲ್ಲಗೆ ಹೇಳಿಕೊಡುತ್ತಾಳೆ. ಅವನು ಗುಡುಗುತ್ತಾನೆ, ಜನ ಶಿಳ್ಳೆ ಹೊಡೆಯುತ್ತಾರೆ, ಸನ್ಮಾನದ ಶಾಲು ಅವನ ಹೆಗಲಿಗೆ ಬೀಳುತ್ತದೆ. "ಅವರ ಮಾತೂ ನನ್ನ ಬಾಯಲ್ಲೇ ಇರುತ್ತೆ ಸಾರ್. ಇಲ್ದಿದ್ರೆ ನಾಟಕ ಮುಗಿಯೋದು ಯಾವಾಗ, ನಾವು ಬಸ್ ಹಿಡಿಯೋದು ಯಾವಾಗ?" ಎನ್ನುತ್ತಾರೆ ವೀರಮ್ಮ.

ಇವರ ಅಪ್ಪ ಧರ್ಮಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕಂತ್ರಾಟು ಕೂಲಿ. ಕಾರ್ಮಿಕರ ನಾಟಕಕ್ಕೆ ಬರಬೇಕಿದ್ದ ನಟಿ ಒಮ್ಮೆ ಕೈಕೊಟ್ಟಾಗ, ಹದಿನೇಳರ ಮಗಳನ್ನು ಒಂದೇ ಒಂದು ಸಲಕ್ಕೆಂದು ಸ್ಟೇಜ್ ಹತ್ತಿಸಿದರು. ಚಪ್ಪಾಳೆ ತಟ್ಟಿದ ಜನರೇ ಮಾರನೇ ದಿನದಿಂದ ಹೆಣ್ಣು ಕೇಳಲು ಬರುವವರನ್ನು ದಾರಿಯಲ್ಲೇ ತಿರುಗಿಸಿ ಕಳಿಸಿದರು. ಗಂಗಾಧರಪ್ಪನವರು ಕರಪತ್ರಕ್ಕೆ ವೀರಮ್ಮ ಎಂಬ ಹೆಸರು ಚಂದ ಕಾಣದೆಂದು 'ಕುಮಾರಿ ಕವನ' ಮಾಡಿದರು. ಇಪ್ಪತ್ತೈದು ವರ್ಷ ಕಳೆದರೂ ಕರಪತ್ರದಲ್ಲಿ ಇವರು ಕುಮಾರಿಯೇ, ಹಳ್ಳಿಯವರ ಬಾಯಲ್ಲಿ ಮಾತ್ರ ವೀರಮ್ಮ. ಜಲಜಮ್ಮ ಕಾರ್ಖಾನೆ ಕ್ವಾರ್ಟರ್ಸಿನ ತಮಿಳು ಮನೆಯವರು. ಕುಡುಕ ಗಂಡನನ್ನು ಬಿಟ್ಟು ಬಂದವರು. ಒಬ್ಬೊಬ್ಬರೇ ರಾತ್ರಿ ಬಸ್ಸು ಹತ್ತುವುದು ಕ್ಷೇಮವಲ್ಲವೆಂದು ಜೊತೆಯಾದವರು ಈಗ ಹೊಸಮನೆಯ ಒಂದೇ ಬಾಡಿಗೆ ಮನೆಯಲ್ಲಿದ್ದಾರೆ. ಬೀದಿಯವರು ಏನು ಮಾತಾಡಿಕೊಳ್ಳುತ್ತಾರೆಂದು ಇಬ್ಬರಿಗೂ ಗೊತ್ತು.

ಹೀಗಿರುವಾಗ ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಒಂದು ಚೀಟಿ ಕಂಡಿತು. ವಿನೋಬನಗರದ ಹವ್ಯಾಸಿ ತಂಡ 'ಎರಡು ಜೊತೆ ಚಪ್ಪಲಿ' ಎಂಬ ಹೊಸ ನಗೆ ನಾಟಕಕ್ಕೆ ಕಲಾವಿದರನ್ನು ಹುಡುಕುತ್ತಿತ್ತು. ನಾಟಕದಲ್ಲಿ ನಲವತ್ತು ದಾಟಿದ ಇಬ್ಬರು ಗೆಳತಿಯರು ಒಂದೇ ಮನೆಯಲ್ಲಿರುತ್ತಾರೆ. ಒಬ್ಬಳ ತಮ್ಮ ಅಕ್ಕನಿಗೆ ಗಂಡು ಗೊತ್ತು ಮಾಡಿಕೊಂಡು ಬರುತ್ತಾನೆ. ಅಕ್ಕ, ನನಗೆ ಇವಳೇ ಇಷ್ಟ, ಗಂಡಸರು ಬೇಡ ಎನ್ನುತ್ತಾಳೆ. ಓನರಿನಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ತಲೆ ಕೆಡುತ್ತದೆ. ಚೀಟಿಯ ಕೊನೆಯಲ್ಲಿ 'ಅನುಭವ ಬೇಕಿಲ್ಲ' ಎಂದಿತ್ತು. "ಅನುಭವ ಇದ್ದೋರು ಬರಬಹುದಾ ಇಲ್ವಾ ಅಂತ ಬರೆದಿರ್ಲಿಲ್ಲ. ಸರಿ, ಕೇಳೇ ಬಿಡೋಣ ಅಂತ ಹೋದೆ," ಎಂದು ವೀರಮ್ಮ ನಗುತ್ತಾರೆ.

ಸುದ್ದಿ ತಿಳಿದ ಗಂಗಾಧರಪ್ಪನವರು ಆಡಿಷನ್ನಿನ ಹಿಂದಿನ ದಿನವೇ ಮನೆಗೆ ಬಂದು ಎಚ್ಚರಿಸಿದ್ದರು. ಅಂಥ ಪಾತ್ರ ಮಾಡಿದವಳನ್ನು ಯಾವ ಹಳ್ಳಿಯ ಕಮಿಟಿಯೂ ರಾಣಿ ಮಾಡುವುದಿಲ್ಲ, ಈ ಬೇಸಿಗೆ ಮನೆಯಲ್ಲೇ ಕೂರಬೇಕಾದೀತು ಎಂದು. ವೀರಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದರು.

ಆಡಿಷನ್ ನಡೆದ ಭಾನುವಾರ ವಿನೋಬನಗರದ ಶಾಲೆಯ ಹಾಲ್‌ನಲ್ಲಿ ನಾನೂ ಇದ್ದೆ. ಪತ್ರಿಕೆಗೆ ಬರೆಯಲು ಹೋದದ್ದು ತಂಡದ ನಿರ್ದೇಶಕಿ ರಶ್ಮಿಯವರ ಬಗ್ಗೆ. ಕಾಲೇಜಿನವರು, ಬ್ಯಾಂಕಿನವರು ಕೈಯಲ್ಲಿ ಹಾಳೆ ಹಿಡಿದು ಸಾಲಾಗಿ ಕೂತಿದ್ದರು. ಜರಿಯಂಚಿನ ಸೀರೆಯುಟ್ಟ ಇಬ್ಬರು ಹೆಂಗಸರು ಒಳಗೆ ಬಂದಾಗ ಯಾರೋ, ಕಸ ಗುಡಿಸುವವರು ಇವತ್ತು ಯಾಕೆ ಬಂದರು ಎಂದರು. ನನಗೆ ಸಿಟ್ಟು ಬಂತು. ವೀರಮ್ಮನಿಗೆ ಬರಲಿಲ್ಲ, ನೇರ ಮುಂದಿನ ಕುರ್ಚಿಗೆ ಹೋಗಿ ಕೂತರು.

ಅಕ್ಕನ ಪಾತ್ರಕ್ಕೆ ಅವರು, ತಮ್ಮನ ಪಾತ್ರಕ್ಕೆ ಬ್ಯಾಂಕಿನ ಜ್ಞಾನೇಶ್. ಹಾಳೆಯನ್ನು ಎರಡು ಸಲ ಓದಿ ವೀರಮ್ಮ ಪಕ್ಕಕ್ಕಿಟ್ಟರು. ಜ್ಞಾನೇಶ್ "ಅಕ್ಕಾ..." ಎಂದು, ದುಃಖ ತೋರಿಸಲು ಮಾತು ನಿಲ್ಲಿಸಿ ತಲೆ ತಗ್ಗಿಸಿದರು. ವೀರಮ್ಮನ ಸೆರಗು ತಾನಾಗಿ ಬಾಯಿಗೆ ಹೋಯಿತು. "ಅವಳು ನಿನಗೆ ಏನಾಗ್ಬೇಕು," ಎಂದು ಮುಂದಿನ ಮಾತನ್ನು ಹೇಳಿಕೊಟ್ಟರು.

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಜ್ಞಾನೇಶ್ ಮುಖ ಕೆಂಪಾಯಿತು. "ಅವರು ಮರೆತಿಲ್ಲಮ್ಮ, ಬೇಕಂತಲೇ ಸುಮ್ಮನಿದ್ದಿದ್ದು," ಎಂದರು ರಶ್ಮಿ.

"ನಮ್ ಕಡೆ ಅಷ್ಟ್ ಹೊತ್ತು ಸುಮ್ನಿದ್ರೆ ಕಲ್ಲು ಬೀಳುತ್ತೆ ಮೇಡಂ."

ಮತ್ತೆ ನಗು. ರಶ್ಮಿ ಒಳ್ಳೆಯ ಮಾತಿನಲ್ಲೇ, ನಿಮಗೆ ಓನರಿನ ಹೆಂಡತಿಯ ಪಾತ್ರ ಸರಿಹೋಗುತ್ತದೆ, ಜಗಳದ್ದು, ಸಣ್ಣದು ಎಂದರು. ವೀರಮ್ಮ ಕದಲಲಿಲ್ಲ. "ಜಗಳ ನಂಗೆ ಬರುತ್ತೆ, ಅದನ್ನ ನೋಡೋದೇನಿದೆ? ಬರದೇ ಇರೋದು ಸುಮ್ನಿರೋದು. ಅದನ್ನ ಇನ್ನೊಂದ್ ಸಲ ನೋಡಿ ಮೇಡಂ. ನೋಡಿದ್ಮೇಲೆ ಬೇಡ ಅನ್ನಿ, ಹೋಗ್ತೀನಿ."

ಎರಡನೇ ಸಲ ಜ್ಞಾನೇಶ್ ಮೊದಲಿಗಿಂತ ಹೆಚ್ಚೇ ಹೊತ್ತು ತಲೆ ತಗ್ಗಿಸಿ ನಿಂತರು. ಬೇಕೆಂದೇ ಇರಬೇಕು. ವೀರಮ್ಮನ ತುಟಿ ಅಲುಗಿತು. ಕೈ ಸೆರಗಿನತ್ತ ಹೋಗಿ ಅರ್ಧಕ್ಕೆ ನಿಂತಿತು. ಎಷ್ಟೋ ವರ್ಷದ ಅಭ್ಯಾಸವನ್ನು ಹಲ್ಲು ಕಚ್ಚಿ ಹಿಡಿದುಕೊಂಡದ್ದು ಅವರ ಕತ್ತಿನ ನರದಲ್ಲಿ ಕಾಣುತ್ತಿತ್ತು. ಈಗ ಯಾರೂ ನಗಲಿಲ್ಲ.

"ಅವಳು ನಿನಗೆ ಏನಾಗ್ಬೇಕು?" ಎಂದರು ಜ್ಞಾನೇಶ್.

ವೀರಮ್ಮ ಅವರನ್ನೇ ನೋಡಿದರು. ರಾಣಿಯ ಕಂಚಿನ ಕಂಠ ಎಲ್ಲಿ ಹೋಯಿತೋ, ಮನೆಯಲ್ಲಿ ಆಡುವ ದನಿಯಲ್ಲಿ ಹೇಳಿದರು. "ನನ್ನ ಗೊರಕೆ ಸಹಿಸ್ಕೊಂಡೋಳು ಇವಳೊಬ್ಳೇ ಕಣೋ. ಇನ್ಯಾರಾದ್ರೂ ಇದ್ರೆ ಕರ್ಕೊಂಡ್ ಬಾ, ಆಮೇಲ್ ಮದ್ವೆ ಮಾತಾಡೋಣ."

ಹಾಳೆಯಲ್ಲಿದ್ದ ನಗೆ ಮಾತೇ ಅದು. ಹಿಂದಿನ ಬೆಂಚಿನಲ್ಲಿ ಜಲಜಮ್ಮ ಮೊದಲು ನಕ್ಕರು. "ಗೊರಕೆ ವಿಷ್ಯ ಮಾತ್ರ ಸತ್ಯ ಮಾರಾಯ್ತಿ!" ಎಂದು ಕೂಗಿದರು. ಆಮೇಲೆ ಎಲ್ಲರೂ ನಕ್ಕರು, ಜ್ಞಾನೇಶ್ ಕೂಡ. ನನ್ನ ಕಣ್ಣು ಒದ್ದೆಯಾಗಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಅಕ್ಕನ ಪಾತ್ರ ವೀರಮ್ಮನಿಗೇ ಸಿಕ್ಕಿತು.

ಮೇಷ್ಟ್ರು ಹೇಳಿದ್ದೂ ಸುಳ್ಳಾಗಲಿಲ್ಲ. ಎರಡು ಹಳ್ಳಿಯ ಕಮಿಟಿಯವರು ಆಗಲೇ ಬೇರೆ ನಟಿಯನ್ನು ಹುಡುಕಿಕೊಂಡಿದ್ದಾರೆ. ಭದ್ರಾವತಿಯಲ್ಲಿ ಸಿಕ್ಕ ಗಂಗಾಧರಪ್ಪನವರು ಕೈ ಹಿಸುಕಿಕೊಳ್ಳುತ್ತಾರೆ. "ನಂಗೇನ್ ಸಾರ್, ಅವಳು ನನ್ನ ಮಗಳಿದ್ದಂಗೆ. ಪಾತ್ರ ಬಿಡೋದು ಬೇಡ, ಬೇರೆ ಹೆಸರಲ್ಲಿ ಮಾಡ್ಲಿ. ಹಳ್ಳಿಯೋರಿಗೆ ಗೊತ್ತಾಗಲ್ಲ."

ಈ ಸಲಹೆಯನ್ನು ಹೊಸಮನೆಗೆ ಒಯ್ದವನು ನಾನೇ. ಜೊತೆಗೆ ಬೀದಿಯ ಪ್ರಶ್ನೆಯನ್ನೂ ಕೇಳಿಬಿಟ್ಟೆ. ನಾಟಕದ ಕಥೆ ನಿಮ್ಮದೇ ಅನ್ನುತ್ತಾರಲ್ಲ?

ವೀರಮ್ಮ ಚೌರಿಯ ಸಿಕ್ಕು ಬಿಡಿಸುವುದನ್ನು ನಿಲ್ಲಿಸುತ್ತಾರೆ. "ಸಾರ್, ಎಷ್ಟ್ ಊರಲ್ಲಿ ಎಷ್ಟ್ ಜನ ರಾಜರಿಗೆ ಹೆಂಡ್ತಿ ಆಗಿದೀನಿ. ಅವಾಗ ಒಬ್ರಾದ್ರೂ ಬಂದು ಇದು ನಿಜಾನಾ ಅಂತ ಕೇಳಿದ್ರಾ? ಈಗ್ಯಾಕೆ ಕೇಳ್ತಾರೆ?"

"ನಿಜ ಇದ್ರೆ ನಿಮ್ಗೇನು, ಸುಳ್ಳಿದ್ರೆ ನಿಮ್ಗೇನು?" ಎಂದು ಜಲಜಮ್ಮ ಲೋಟ ಮುಂದಿಡುತ್ತಾರೆ. "ಕಾಫಿ ಕುಡೀರಿ, ಆರೋಗುತ್ತೆ."

ಕುಡಿಯುತ್ತೇನೆ. ಬಾಗಿಲ ಹೊರಗೆ ಎರಡು ಜೊತೆ ಚಪ್ಪಲಿ, ಈ ಹೊತ್ತಿಗೆ ನನ್ನದೂ ಸೇರಿ ಮೂರು.

ಸಂಜೆಯ ರಿಹರ್ಸಲ್‌ನಲ್ಲಿ ರಶ್ಮಿ ಪೋಸ್ಟರ್ ಬರೆಸಲು ಕೂತಿದ್ದಾರೆ. ಹೆಸರು ಹೇಗೆ ಹಾಕಲಿ, ಕುಮಾರಿ ಕವನ ಅಂತಲೇ ಇರಲಾ, ಬೇರೆ ಯಾವುದಾದರೂ ಹಾಕಲಾ ಎಂದು ಕೇಳುತ್ತಾರೆ. ಮೇಷ್ಟ್ರ ಮಾತು ಅವರ ಕಿವಿಗೂ ಬಿದ್ದಿದೆ.

"ವೀರಮ್ಮ, ಭದ್ರಾವತಿ. ಕುಮಾರಿ ಬೇಡ, ಶ್ರೀಮತಿ ಬೇಡ. ದಪ್ಪ ಅಕ್ಷರದಲ್ಲಿ ಬರೆಸಿ ಮೇಡಂ," ಎನ್ನುತ್ತಾರೆ ವೀರಮ್ಮ. ಬೇರೇನಾದರೂ ಬೇಕಾ ಎಂದರೆ ಸ್ವಲ್ಪ ಯೋಚಿಸಿ, "ಒಂದು ಪೋಸ್ಟರ್ ಬಸ್ ಸ್ಟ್ಯಾಂಡ್ ಕ್ಯಾಂಟೀನ್ ಎದುರಿಗೆ ಅಂಟಿಸಿ. ಅಲ್ಲಿ ನಮ್ಮಿಬ್ರನ್ನ ನೋಡೋರು ಜಾಸ್ತಿ. ಈ ಸಲ ಟಿಕೆಟ್ ತಗೊಂಡ್ ನೋಡ್ಲಿ," ಎನ್ನುತ್ತಾರೆ.